ನೀಲಿ ಬಕೆಟ್ಟಿನ ಕೊನೆಯ ಹಾಡು

ಹಿರಿಯೂರು

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಅಂದ ಕೂಡಲೇ ನಮ್ಮ ಕಡೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಚಳಿ ಹೆಂಗಿತ್ತು, ಊಟಕ್ಕೇನು ಮಾಡಿದಿರಿ. ಚಳಿ ಮೂಳೆಗೆ ಇಳಿಯುವಷ್ಟಿತ್ತು. ಊಟಕ್ಕೆ ಆಲೂಗಡ್ಡೆ ತಿಂದೆ, ಇದ್ದಷ್ಟು ದಿನವೂ ಆಲೂಗಡ್ಡೆ. ಅವೆರಡನ್ನೂ ಇಲ್ಲಿಗೇ ಮುಗಿಸಿಬಿಡುತ್ತೇನೆ. ನಾನು ಹೇಳಬೇಕಾದ್ದು ಒಂದು ಹಾಡಿನ ವಿಷಯ, ಅದರ ಜೊತೆಗೆ ನನ್ನ ಕೊಬ್ಬಿನ ವಿಷಯ.

ನಾನು ಹನುಮಂತಪ್ಪ, ಹೊಳಲ್ಕೆರೆ ಕಡೆಯ ಕಂಬಳಿ ನೇಯುವವರ ಸಂಘವೊಂದರ ಕಾರ್ಯದರ್ಶಿ. ಕುರಿ ಉಣ್ಣೆಯನ್ನೇ ನಂಬಿದವರೆಲ್ಲ ಬೇರೆ ಬೇರೆ ದೇಶಗಳಿಂದ ಬಂದು ಸೇರುವ ಸಭೆಗೆ ನಮ್ಮ ಸಂಘಕ್ಕೂ ಕರೆ ಬಂತು. ಇಂಗ್ಲಿಷು ಬರುವವನು ನಾನೊಬ್ಬನೇ ಆದ್ದರಿಂದ ನನ್ನನ್ನೇ ಕಳಿಸಿದರು. ನನ್ನ ಇಂಗ್ಲಿಷು ಹೆಚ್ಚಿನಂಶ ಕ್ಯಾಸೆಟ್ಟುಗಳಿಂದ ಬಂದದ್ದು ಎಂಬುದನ್ನು ಅವರಿಗೆ ನಾನು ಹೇಳಲಿಲ್ಲ.

ಹೊರಡುವ ಮೊದಲು ಹಿರಿಯೂರಿಗೆ ಹೋಗಿ ತಿಪ್ಪೇಶಿಯನ್ನು ನೋಡಿಕೊಂಡು ಬಂದೆ. ತಿಪ್ಪೇಶಿ ಮತ್ತು ನಾನು ಚಿತ್ರದುರ್ಗದಲ್ಲಿ ಓದುವಾಗ ಒಂದೇ ರೂಮಿನಲ್ಲಿದ್ದವರು. ಓದು ಮುಗಿಸಿ ಅವನು ಬೋರ್‌ವೆಲ್ ಲಾರಿಗೆ ಸೇರಿದ. ಇಪ್ಪತ್ತು ವರ್ಷಕ್ಕೂ ಮೇಲೆ ಕಂಪ್ರೆಸರಿನ ಪಕ್ಕ ನಿಂತು ನೆಲ ಕೊರೆಸಿದ. ನೆಲದಲ್ಲಿ ನೀರು ಸಿಗದಿದ್ದರೂ ಕೊರೆಯುವ ಸದ್ದು ಇದ್ದೇ ಇರುತ್ತದಲ್ಲ, ಅದು ಅವನ ಕಿವಿಯನ್ನು ತಿಂದುಹಾಕಿತು. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಹೊರಟಿದೆ, ಇದು ನರದ ತೊಂದರೆ, ಮೆಷಿನ್ನು ಹಾಕಿದರೂ ಪ್ರಯೋಜನವಿಲ್ಲ, ನಾಳೆಯೇ ಹೋದರೂ ಹೋಯಿತು, ಆರು ತಿಂಗಳು ತಡೆದರೂ ತಡೆಯಿತು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು.

ಅವನ ಎಡಗಡೆಗೆ ಕುರ್ಚಿ ಎಳೆದುಕೊಂಡು ಕೂತೆ.

"ಡಂಡೀ ಊರು ನೀನು ಹೋಗೋ ಕಡೆಗೆ ಹತ್ರ ಐತೇನಲೇ?" ಅಂದ.

"ಬಸ್ಸಿನಾಗೆ ಹೋಗಿ ಬರಬಹುದಂತೆ."

"ಹಂಗಾರೆ ನೀಲಿ ಬಕೆಟ್ಟು ಹುಡುಕು. ಉಳಿದದ್ದು ತಗಂಬಾ. ಸಿಕ್ಕಿದ ತಕ್ಷಣ ಫೋನ್ ಹಚ್ಚಿ ಕೇಳ್ಸು, ಊರಿಗೆ ಬರಗಂಟ ಕಾಯಬ್ಯಾಡ. ಈ ಕಿವಿನ ನಂಬಂಗಿಲ್ಲ."

"ಉಳಿದದ್ದು ಅಂತ ಏನೂ ಇಲ್ಲ ಕಣೋ," ಅಂದೆ. ಸಾಯುತ್ತಿರುವ ಕಿವಿಯ ಮುಂದೆ ಕೂತೂ ವಾದ ಬಿಡದವನು ನಾನು.

"ಇಲ್ದಿದ್ರೆ ಇಲ್ಲ ಅಂತ ಹೇಳು. ನೋಡಿಕೊಂಡು ಹೇಳು," ಅಂದ.

ಈ ವಾದ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಜೋಗಿಮಟ್ಟಿ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಸ್ಕಾಟ್ಲೆಂಡಿನ ಒಬ್ಬ ಇಂಜಿನಿಯರ್ ಬಂದಿದ್ದ. ಊರಿನವರು ಅವನನ್ನು ಫ್ಯಾನ್ ದೊರೆ ಅನ್ನುತ್ತಿದ್ದರು. ರಜೆಯಲ್ಲಿ ತಿಪ್ಪೇಶಿ ಅವನ ಸಾಮಾನು ಸಾಗಿಸುವ ಕೆಲಸಕ್ಕೆ ಹೋಗುತ್ತಿದ್ದ. ದೊರೆಯ ಬಳಿ ಒಂದು ಚೀಲದ ತುಂಬ ಕ್ಯಾಸೆಟ್ಟುಗಳಿದ್ದವು, ಎಲ್ಲವೂ ಅವರ ಕಡೆಯ ಗಿಟಾರಿನ ಹುಡುಗರವು. ಸಿಕ್ಕಿಕೊಂಡ ಟೇಪುಗಳನ್ನು ಸರಿಮಾಡಲು ಸಂತೆಪೇಟೆಯ ಮುನೀರ್ ಸಾಬರ ಅಂಗಡಿಗೆ ಕೊಟ್ಟ. ಸಾಬರು ಅವನ್ನು ಸರಿಮಾಡಿ, ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಒಂದೊಂದು ಕಾಪಿ ಇಳಿಸಿಕೊಂಡರು. ನಾವಿಬ್ಬರೂ ಕೊಂಡು ಕೇಳಿದ್ದು ಆ ಕಾಪಿಗಳನ್ನೇ.

ಸಾಬರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಹೊದಿಕೆಯ ಮೇಲೆ ಏನು ಚಿತ್ರವಿದೆಯೋ ಅದನ್ನೇ ಹೆಸರಾಗಿ ಬರೆಯುತ್ತಿದ್ದರು. ಹಲ್ಲುಜ್ಜೋನು. ಒದ್ದೆ ಬೆಂಚು. ನೀಲಿ ಬಕೆಟ್ಟು. ಟೇಪು ದಂಡವಾಗಬಾರದೆಂದು ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಒಂದು ಆಲ್ಬಮ್ಮು, ಇನ್ನೊಂದು ಮಗ್ಗುಲಿಗೆ ಇನ್ನೊಂದು. ಅರ್ಧ ಗಂಟೆಯೊಳಗೆ ಹಿಡಿದರೆ ಅದರ ಪುಣ್ಯ.

ನೀಲಿ ಬಕೆಟ್ಟಿನ ಕೊನೆಯ ಹಾಡಿನಲ್ಲಿ ಒಬ್ಬ ತನ್ನ ಅಣ್ಣನಿಗೆ ಏನೋ ಹೇಳುತ್ತಾ ಹೋಗುತ್ತಾನೆ. ಗಿಟಾರು ಮೆಲ್ಲಗಿದ್ದದ್ದು ನಿಧಾನವಾಗಿ ಏರುತ್ತದೆ. ಏರಿ ಏರಿ, ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಮಾತಿನ ನಡುವೆಯೇ ಕಟ್. ಆಮೇಲೆ ಸದ್ದಿಲ್ಲ. ಬೇಕೆಂದೇ ಹಾಗೆ ನಿಲ್ಲಿಸಿದ್ದಾರೆ, ಆ ದಶಕದಲ್ಲಿ ಇದಕ್ಕಿಂತ ಧೈರ್ಯದ ಮುಕ್ತಾಯ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಲೇಜಿನ ಗೋಡೆ ಪತ್ರಿಕೆಯಲ್ಲಿ ಎರಡು ಹಾಳೆ ಬರೆದೂ ಅಂಟಿಸಿದ್ದೆ. ತಿಪ್ಪೇಶಿ ಅದನ್ನು ಓದಿ, "ಟೇಪ್ ಮುಗಿದೈತೆ ಕಣಲೇ," ಅಂದಿದ್ದ. ಸಾಬರನ್ನು ಕೇಳಿದರೆ "ಅಷ್ಟೇ ಇತ್ತಪ್ಪ," ಅಂದರು. ಯಾವ ಅಂಗಡಿಯವನು ತಾನೇ ಬೇರೆ ಹೇಳುತ್ತಾನೆ. ಅಷ್ಟು ಹೊತ್ತಿಗೆ ಫ್ಯಾನ್ ದೊರೆ ಚೀಲ ಸಮೇತ ಊರು ಬಿಟ್ಟಿದ್ದ. ನೀಲಿ ಬಕೆಟ್ಟು ತನ್ನೂರು ಡಂಡೀ ಹುಡುಗರದು ಎಂದು ತಿಪ್ಪೇಶಿಗೆ ಹೇಳಿದ್ದ, ಅದೊಂದೇ ಗುರುತು.

ಮುಂದೆ ಇಂಟರ್ನೆಟ್ಟು ಬಂದಾಗ ಹುಡುಕದೆ ಬಿಟ್ಟೆವೇ? ನೀಲಿ ಬಕೆಟ್ಟು ಎಂದು ಹೊಡೆದರೆ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳು ಬರುತ್ತಿದ್ದವು.

ವಿಮಾನ ನಿಲ್ದಾಣ

ಎಡಿನ್‌ಬರೋದಲ್ಲಿ ಇಳಿದಾಗ ನನ್ನ ಚೀಲದಲ್ಲಿದ್ದ ಆರು ಕರಿ ಕಂಬಳಿಗಳು ನನ್ನನ್ನು ಸಿಕ್ಕಿಹಾಕಿಸಿದವು. ಕಂಬಳಿಗೆ ನಾವು ಹುಣಸೆ ಬೀಜದ ಗಂಜಿ ಹಾಕುತ್ತೇವೆ, ಇಲ್ಲದಿದ್ದರೆ ಅದಕ್ಕೆ ಬಿಗಿ ಬರುವುದಿಲ್ಲ. ಹೊಸ ಕಂಬಳಿಗೆ ಅದರ ವಾಸನೆ, ಕುರಿಯ ವಾಸನೆ ಎರಡೂ ಇರುತ್ತವೆ. ಒಂದು ನಾಯಿ ಬಂದು ನನ್ನ ಚೀಲದ ಮುಂದೆ ಕೂತೇಬಿಟ್ಟಿತು. ತಪಾಸಣೆಯ ಒಬ್ಬ ಹೆಂಗಸು ಕಂಬಳಿಯ ಮೂಲೆಯನ್ನು ಮೂಗಿನ ಹತ್ತಿರ ಹಿಡಿದು, ಇದೇನು ಎಂದು ಕೇಳಿದಳು. ಹುಣಸೆ ಬೀಜಕ್ಕೆ ಇಂಗ್ಲಿಷಿನಲ್ಲಿ ವಿವರಣೆ ಕೊಡುತ್ತಾ ನಾನು ಬೆವತೆ. ಅವಳು ಪ್ರತಿ ಪ್ರಶ್ನೆಗೂ ಮೊದಲು ಕ್ಷಮಿಸಿ ಅನ್ನುತ್ತಿದ್ದಳು. ನಮ್ಮಲ್ಲಿ ಕಾಲು ತುಳಿದವರೂ ಅಷ್ಟು ಸಲ ಹೇಳುವುದಿಲ್ಲ.

ಒಂದು ಗಂಟೆ ಬೆಂಚಿನ ಮೇಲೆ ಕೂರಿಸಿದರು. ನೀಲಿ ಬಕೆಟ್ಟಿನ ಟೇಪು ಎಂದೋ ಹರಿದುಹೋಗಿತ್ತು, ಉಳಿದ ಹಳೆಯ ಕ್ಯಾಸೆಟ್ಟುಗಳನ್ನು ಫೋನಿಗೆ ಇಳಿಸಿಕೊಂಡಿದ್ದೆ. ಅವನ್ನೇ ಕೇಳುತ್ತಾ ಕೂತೆ.

ಇವುಗಳ ಬಗ್ಗೆ ನನಗೆ ಅಭಿಪ್ರಾಯಗಳಿವೆ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಹಲ್ಲುಜ್ಜೋನು ಆಲ್ಬಮ್ಮನ್ನು ಹೊಗಳುವವರನ್ನು ನಾನು ನಂಬುವುದಿಲ್ಲ. ಮೊದಲ ಹಾಡು ಕಿವಿ ಹರಿಯುವಂತೆ ಶುರುವಾಗುತ್ತದೆ, ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಊಟಕ್ಕೆ ಕೂತವನಿಗೆ ಬರೀ ಉಪ್ಪಿನಕಾಯಿ ಬಡಿಸಿದಂತೆ. ಹಾಡುವವನಿಗೆ ಸಿಟ್ಟಿದೆ, ಯಾರ ಮೇಲೆ ಅಂತ ಅವನಿಗೂ ಗೊತ್ತಿಲ್ಲ. ಒದ್ದೆ ಬೆಂಚು ಅದಕ್ಕಿಂತ ಎಷ್ಟೋ ವಾಸಿ. ಅದರಲ್ಲಿ ಒಬ್ಬ ಹೆಂಗಸು ಹಾಡುತ್ತಾಳೆ. ಮೊದಲ ಸಲ ಕೇಳಿದಾಗ ಇವಳೇನು ನಿದ್ದೆಗಣ್ಣಿನಲ್ಲಿ ಹಾಡುತ್ತಾಳಾ ಅನಿಸುತ್ತದೆ. ಹತ್ತನೆಯ ಸಲ ಕೇಳಿದಾಗ, ಪಾಪ, ಅತ್ತು ಅತ್ತು ಅವಳ ದನಿಯೇ ಇಷ್ಟು ಉಳಿದಿರುವುದು ಎಂದು ಗೊತ್ತಾಗುತ್ತದೆ. ಆದರೆ ನಡುವೆ ಪಿಟೀಲುಗಳನ್ನು ತುರುಕಿ ಮೂರು ಹಾಡು ಕೆಡಿಸಿದ್ದಾರೆ. ಅವಳ ಜಾಗದಲ್ಲಿ ನಾನಿದ್ದರೆ ಎದ್ದು ಹೋಗುತ್ತಿದ್ದೆ.

ಒಟ್ಟಿನಲ್ಲಿ ಆ ಹತ್ತು ವರ್ಷದ ಗಿಟಾರಿನ ಹುಡುಗರಿಗೆ ಹಾಡುವುದಕ್ಕೆ ನಾಚಿಕೆ. ಒಳ್ಳೆಯ ಕಂಠವಿದ್ದವನೂ ಗೊಣಗುತ್ತಾನೆ. ಒಂದು ಚಂದದ ರಾಗ ಹುಟ್ಟಿದರೆ ತಕ್ಷಣ ಅದರ ಮೇಲೆ ಗದ್ದಲ ಎಸೆದು ಮುಚ್ಚುತ್ತಾರೆ. ದುರ್ಗದ ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ಕುರಿ ಕಾಯುವವರ ಮನೆಯ ಇಬ್ಬರಿಗೆ ಆ ನಾಚಿಕೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ಸಿನಿಮಾ ಹಾಡು ಗುನುಗುವಾಗ ನಾವು ಇದನ್ನು ಬಚ್ಚಿಟ್ಟುಕೊಂಡು ಕೇಳಿದೆವು. ನೀಲಿ ಬಕೆಟ್ಟಿನಲ್ಲಿ ಮಾತ್ರ ಹಾಡುವವನು ಕೊನೆಕೊನೆಗೆ ನಾಚಿಕೆ ಬಿಡುತ್ತಾನೆ, ಬಿಟ್ಟ ಕೂಡಲೇ ಹಾಡು ನಿಂತುಹೋಗುತ್ತದೆ. ಅದಕ್ಕೇ ನಾನು ಅದನ್ನು ಅಷ್ಟು ದೊಡ್ಡದು ಅಂದುಕೊಂಡಿದ್ದು.

ಕಂಬಳಿ ಬಿಟ್ಟುಕೊಟ್ಟರು. ನಾನು ಹಿಡಿಯಬೇಕಾಗಿದ್ದ ಬಸ್ಸು ಹೋಗಿತ್ತು.

ಕುರಿಗಳ ಊರು

ನನಗೆ ಇಳಿದುಕೊಳ್ಳಲು ಕೊಟ್ಟದ್ದು ಮಾರ್ಗರೆಟ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆ. ಆಕೆಗೆ ನಾನ್ನೂರು ಕುರಿ. ಗುಡ್ಡದ ತುಂಬ ಅವು ಚೆಲ್ಲಿಕೊಂಡಿದ್ದವು, ಜೊತೆಗೆ ಒಬ್ಬ ಮನುಷ್ಯನೂ ಇಲ್ಲ. ಕಾಯುವವರು ಯಾರು ಎಂದು ಕೇಳಿದೆ. "ಬೇಲಿ," ಅಂದರು. ನಮ್ಮಲ್ಲಿ ಹಿಂಡಿನ ಜೊತೆ ತಿಂಗಳುಗಟ್ಟಲೆ ನಡೆಯುತ್ತಾರೆ, ಪ್ರತಿ ಕುರಿಯ ಮುಖವೂ ಗೊತ್ತಿರುತ್ತದೆ ಎಂದೆ. ತನ್ನ ಗಂಡನಿಗೂ ಗೊತ್ತಿತ್ತು ಅಂದರು. ಗಂಡ ತೀರಿಕೊಂಡಿದ್ದರು.

ಅಲ್ಲಿನ ಜನ ಏನನ್ನೂ ಕೇಳುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಯಾವೂರು, ಯಾವ ಮನೆತನ, ಎಷ್ಟು ಮಕ್ಕಳು ಎಂದು ಕೇಳದೆ ಎರಡು ಗಂಟೆ ಕಿಟಕಿ ನೋಡುತ್ತಾನೆ. ನಮ್ಮ ಚಿಕ್ಕಜಾಜೂರಿನಲ್ಲಾದರೆ ರೈಲು ಬರುವ ಮೊದಲೇ ನಿಮ್ಮ ಜಾತಕ ಮುಗಿದಿರುತ್ತದೆ. ಮೊದಮೊದಲು ಹಾಯಾಗಿದೆ ಅನಿಸಿತು. ಮೂರನೆಯ ದಿನಕ್ಕೆ ನಾನು ಇದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬಂತು. ದಿನಾ ತಿಪ್ಪೇಶಿಯ ಮೆಸೇಜು ಬರುತ್ತಿತ್ತು, ಒಂದೇ ಮಾತು: "ಸಿಕ್ತಾ?" ಅಲ್ಲಿದ್ದಷ್ಟು ದಿನ ನನ್ನನ್ನು ಏನಾದರೂ ಕೇಳುತ್ತಿದ್ದವನು ಹಿರಿಯೂರಿನಲ್ಲಿದ್ದ ಅವನೊಬ್ಬನೇ.

ಡಂಡೀ

ನಾಲ್ಕನೆಯ ದಿನ ಸಭೆಗೆ ಬಿಡುವಿತ್ತು. ಡಂಡೀಗೆ ಹೋದೆ. ಬೂದು ಬಣ್ಣದ ನದಿ, ಅದಕ್ಕಿಂತ ಬೂದಾದ ಆಕಾಶ. ಹಳೆಯ ಹಾಡುಗಳ ಅಂಗಡಿ ಎಲ್ಲಿದೆ ಎಂದು ನಾಲ್ಕು ಜನರನ್ನು ಕೇಳಿದೆ. ಐದನೆಯವಳು ಮಾತಾಡದೆ ಅಂಗಡಿಯ ಬಾಗಿಲವರೆಗೂ ನಡೆದು ಬಂದು ಬಿಟ್ಟುಹೋದಳು.

ಅಂಗಡಿಯವನ ಹೆಸರು ಇಯನ್. ನನ್ನ ವಯಸ್ಸಿಗಿಂತ ಹತ್ತು ವರ್ಷ ಹೆಚ್ಚಿರಬಹುದು. ಹೆಸರು ಗೊತ್ತಿಲ್ಲ, ಹಾಡಿದವರು ಗೊತ್ತಿಲ್ಲ, ಹೊದಿಕೆಯ ಮೇಲೆ ಒಂದು ನೀಲಿ ಬಕೆಟ್ಟು ಎಂದೆ. ಎಂಥ ಬಕೆಟ್ಟು ಎಂದು ಕೇಳಿದ. ನಾನು ಆ ಹೊದಿಕೆಯನ್ನು ಕಣ್ಣಿನಿಂದ ನೋಡಿದವನೇ ಅಲ್ಲ. ಕೊನೆಗೆ ಅಂಗಡಿಗೆ ಬಂದಿದ್ದವರೆಲ್ಲರ ಎದುರು, ಕರಿ ಕಂಬಳಿ ಹೊದ್ದುಕೊಂಡು ನಿಂತು, ಕೊನೆಯ ಹಾಡಿನ ಗಿಟಾರನ್ನು ಬಾಯಿಯಲ್ಲಿ ನುಡಿಸಿ ತೋರಿಸಿದೆ. ಯಾರೂ ನಗಲಿಲ್ಲ. ಇಯನ್ ತಲೆ ಓರೆ ಮಾಡಿಕೊಂಡು ಕೇಳಿದ. ಆಮೇಲೆ ಒಳಗೆ ಹೋಗಿ ಒಂದು ಸಿಡಿ ತಂದು ಮುಂದಿಟ್ಟ. ಮೆಟ್ಟಿಲ ಮೇಲೆ ನೀಲಿ ಬಕೆಟ್ಟು, ಅದರ ಮೇಲೆ ಒಣಗಲು ಹಾಕಿದ ಒಂದು ಕಾಲುಚೀಲ.

ಅವರು ಮಾಡಿದ್ದು ಅದೊಂದೇ ಆಲ್ಬಮ್ಮು, ಡ್ರಮ್ ಬಾರಿಸುತ್ತಿದ್ದವನು ಈಗ ಬಸ್ಸು ಓಡಿಸುತ್ತಾನೆ ಎಂದ ಇಯನ್. ನನಗೆ ಅದೆಲ್ಲ ಬೇಡವಾಗಿತ್ತು. ಕೊನೆಯ ಹಾಡು ಹಾಕು ಎಂದೆ.

ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಅಣ್ಣನ ಜೊತೆ ಮಾತು, ಗಿಟಾರು ಏರುವುದು, ಎಲ್ಲ ನನಗೆ ಬಾಯಿಪಾಠ. ನಿಲ್ಲುವ ಜಾಗ ಬಂತು. ನಿಲ್ಲಲಿಲ್ಲ.

ಇನ್ನೂ ನಾಲ್ಕು ನಿಮಿಷ ಇತ್ತು. ಮಾತು ಮುಗಿಯಿತು, ಗದ್ದಲ ಸುರಿಯಿತು, ಅದೂ ಇಳಿಯಿತು. ಆಮೇಲೆ ಬರೀ ಒಂದು ತಂತಿ, ಅದರ ಮೇಲೆ ಅವನ ದನಿ, ಮಾತಿಲ್ಲದೆ. ಅಷ್ಟು ಹೊತ್ತೂ ಕಾಣದಿದ್ದ ಇನ್ನೊಂದು ದನಿ ಅದಕ್ಕೆ ಜೊತೆಯಾಯಿತು. ನಾನು ಹೊಗಳಿದ್ದು ಸಾಬರ ಟೇಪು ಮುಗಿದದ್ದನ್ನು. ಹಾಡನ್ನಲ್ಲ. ಗೋಡೆ ಪತ್ರಿಕೆಯ ಎರಡು ಹಾಳೆ, ಕಾಲು ಶತಮಾನದ ಜಗಳ, ತಿಪ್ಪೇಶಿಗೆ ಕಿವಿಯಿಲ್ಲ ಎಂದು ನಾನು ಆಗ ಆಡಿಕೊಂಡ ಮಾತು, ಎಲ್ಲ ನೆನಪಾಗಿ ಮುಖ ಸುಟ್ಟಂತಾಯಿತು.

ನಾನು ಯಾರಿಗಾಗಿ ಬಂದಿದ್ದೇನೆ ಎಂದು ಇಯನ್‌ಗೆ ಹೇಳಿದೆ. ಅವನು ಕೂಡಲೇ ಸ್ಪೀಕರಿನ ಮುಂದೆ ಒಂದು ಸ್ಟೂಲು ಇಟ್ಟ. "ಈಗಲೇ ಫೋನ್ ಮಾಡಿ, ಇದರ ಮೇಲೆ ಇಡಿ. ನಾನು ಮತ್ತೆ ಹಾಕುತ್ತೇನೆ," ಅಂದ.

ಬೇಡ ಎಂದೆ. ಇಂಥ ಹಾಡನ್ನು ಫೋನಿನ ಡಬ್ಬಿ ಸದ್ದಿನಲ್ಲಿ ಕೇಳಿಸುವುದು ಪಾಪ, ಊರಿಗೆ ಹೋಗಿ ಒಳ್ಳೆಯ ಸ್ಪೀಕರಿನಲ್ಲಿ ಕೇಳಿಸುತ್ತೇನೆ ಎಂದೆ. ಬಾಯಿಯಲ್ಲಿ ಹೇಳಿದ ಕಾರಣ ಅದು. ಹೊಟ್ಟೆಯೊಳಗೆ ಇದ್ದದ್ದು ಬೇರೆ. ಸೋತೆ ಎಂದು ಅವನಿಗೆ ಅವತ್ತೇ ಹೇಳಲು ನನಗೆ ಆಗಲಿಲ್ಲ.

"ನಿಮ್ಮ ಗೆಳೆಯ, ನಿಮ್ಮ ಇಷ್ಟ," ಅಂದ ಇಯನ್. ಸ್ಟೂಲನ್ನು ಎತ್ತಿ ಮೂಲೆಗೆ ಇಟ್ಟ.

ಬಸ್ಸಿನಲ್ಲಿ ವಾಪಸು ಬರುವಾಗ ಮೆಸೇಜು ಬಂತು. "ಸಿಕ್ತಾ?"

"ಇನ್ನಾ ಹುಡುಕ್ತಿದೀನಿ," ಎಂದು ಬರೆದೆ. ಸಿಡಿ ನನ್ನ ತೊಡೆಯ ಮೇಲಿತ್ತು.

ಮತ್ತೆ ಕುರಿಗಳ ಊರು

ಐದನೆಯ ದಿನವೂ ಕೇಳಿದ, ಆರನೆಯ ದಿನವೂ ಕೇಳಿದ. ಎರಡೂ ದಿನ ಅದೇ ಸುಳ್ಳು ಬರೆದೆ. ಆ ದಿನಗಳಲ್ಲಿ ನಾನು ಬಹಳ ಖುಷಿಯಾಗಿದ್ದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಅವನಿಗೆ ಹೇಗೆ ಕೇಳಿಸಬೇಕು, ಎಡಗಿವಿಗೆ ಸ್ಪೀಕರು ಎಷ್ಟು ದೂರ ಇಡಬೇಕು, ಹಾಡು ನಿಲ್ಲದೆ ಮುಂದೆ ಹೋದಾಗ ಅವನ ಮುಖ ಹೇಗಾಗುತ್ತದೆ, ಆಗ ನಾನು ಹೇಗೆ ದೊಡ್ಡ ಮನಸ್ಸು ಮಾಡಿ ಸೋಲೊಪ್ಪಿಕೊಳ್ಳಬೇಕು, ಎಲ್ಲವನ್ನೂ ಕೂತು ಯೋಚಿಸಿದೆ. ಸೋಲನ್ನೂ ಚಂದ ಮಾಡಿಕೊಳ್ಳಲು ಹೊರಟಿದ್ದೆ.

ಏಳನೆಯ ದಿನ ಮೆಸೇಜು ಬರಲಿಲ್ಲ. ಪ್ರತಿ ದಿನ ಕೇಳಿ ಕೇಳಿ ಬೇಸರವಾಗಿರಬೇಕು ಅಂದುಕೊಂಡೆ. ಮಾರ್ಗರೆಟ್ಟರ ಕೊಟ್ಟಿಗೆಯಲ್ಲಿ ಕುರಿ ಉಣ್ಣೆ ಕತ್ತರಿಸುವುದನ್ನು ತೋರಿಸುತ್ತಿದ್ದರು. ಮೆಷಿನ್ನು ಗುಂಯ್ ಎನ್ನುತ್ತಿತ್ತು. ಫೋನು ಅದುರಿತು. ತಿಪ್ಪೇಶಿಯ ಹೆಂಡತಿ ರತ್ನಮ್ಮ ಮಾತು ರೆಕಾರ್ಡ್ ಮಾಡಿ ಕಳಿಸಿದ್ದಳು. ಮೆಷಿನ್ನಿನ ಸದ್ದಿಗೆ ಕೇಳಿಸದೆ ಹೊರಗೆ ಬಂದು, ಫೋನನ್ನು ಕಿವಿಗೊತ್ತಿಕೊಂಡು ಕೇಳಿದೆ.

"ಅಣ್ಣ, ನಿನ್ನೆ ಬೆಳಿಗ್ಗೆ ಎದ್ದಾಗಿಂದ ಇವರಿಗೆ ಏನಂದ್ರೆ ಏನೂ ಕೇಳುಸ್ತಿಲ್ಲ. ದಾವಣಗೆರೆಗೆ ಕರ್ಕೊಂಡು ಹೋಗಿದ್ವಿ. ಮುಗೀತು ಅಂದ್ರು. ನಿಮಗೆ ಹೇಳಬ್ಯಾಡ ಅಂದಿದ್ರು, ಅಲ್ಲಿ ಬ್ಯಾಸರ ಮಾಡ್ಕಂತಾರೆ ಅಂತ. ನನಗೆ ತಡಿಯಾಕಾಗಲಿಲ್ಲ. ನಿನ್ನೆನೂ ನಿಮಗೆ ಮೆಸೇಜ್ ಹಾಕಿದ್ರು, ಕಿವಿ ಹೋದ ಮ್ಯಾಲೇನೆ."

ಆರನೆಯ ದಿನದ "ಸಿಕ್ತಾ?" ಬಂದಾಗ ಅವನ ಕಿವಿ ಹೋಗಿತ್ತು. ನಾಲ್ಕನೆಯ ದಿನ ಇತ್ತು, ಐದನೆಯ ದಿನ ಇತ್ತು. ನಾನು ಗುಡ್ಡದ ಬೇಲಿ ಹಿಡಿದು ನಿಂತೆ. ಆಚೆಯ ಗುಡ್ಡದ ಮೇಲೆ ನಮ್ಮ ಜೋಗಿಮಟ್ಟಿಯಲ್ಲಿರುವಂಥವೇ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಾರ್ಗರೆಟ್ ಹೊರಗೆ ಬಂದು ಪಕ್ಕದಲ್ಲಿ ನಿಂತರು. ಏನಾಯಿತು ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಉಳಿದ ದಿನಗಳ ನೆನಪು ನನಗೆ ಸರಿಯಾಗಿಲ್ಲ. ಕಂಬಳಿಗಳನ್ನು ಅಲ್ಲೇ ಕೊಟ್ಟು ಬಂದೆ.

ಹಿರಿಯೂರು, ಹನ್ನೆರಡನೆಯ ದಿನ

ಬೆಂಗಳೂರಿನಲ್ಲಿ ಇಳಿದವನು ಮನೆಗೆ ಹೋಗದೆ ನೇರ ಹಿರಿಯೂರಿಗೆ ಬಂದೆ. ಬೆಳಗಿನ ಹತ್ತು ಗಂಟೆ. ತಿಪ್ಪೇಶಿ ಹಜಾರದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ತನ್ನ ದನಿ ತನಗೇ ಕೇಳಿಸದ್ದರಿಂದ ಅರಚಿಕೊಂಡು ಮಾತಾಡುತ್ತಿದ್ದ, ಬೋರ್‌ವೆಲ್ ಲಾರಿಯ ಪಕ್ಕ ನಿಂತು ಮಾತಾಡಿದ ಹಾಗೆ. "ಬಾರಲೇ ಹನುಮ, ಕುಂತ್ಕ. ಬೆಳ್ಳಗಾಗಿ ಬಂದಿದೀಯ." ರತ್ನಮ್ಮ ನನಗೆ ನೀರು ಕೊಟ್ಟು, ಮಗಳ ಹಳೆಯ ನೋಟ್‌ಬುಕ್ಕು, ಪೆನ್ನು ತಂದು ನಮ್ಮಿಬ್ಬರ ನಡುವೆ ಇಟ್ಟಳು. ಈಗ ಅವನ ಜೊತೆ ಮಾತಾಡುವುದು ಹಾಗೆ.

"ಉಳಿದದ್ದು ಇತ್ತಾ?" ಅಂದ. ಮೊದಲ ಮಾತೇ ಅದು.

ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡಿದ್ದನ್ನು ಬರೆದೆ. 'ಇರಲಿಲ್ಲ. ಅಲ್ಲಿಗೇ ನಿಲ್ಲುತ್ತೆ. ನಾನೇ ಗೆದ್ದೆ.' ಏನೂ ಕಳೆದುಕೊಂಡಿಲ್ಲ ಎಂದು ಅವನು ಅಂದುಕೊಳ್ಳಲಿ, ಅಷ್ಟಾದರೂ ಇರಲಿ ಎಂದು.

ಅವನು ಓದಿದ. ಕಡಲೆಕಾಯಿ ಸಿಪ್ಪೆಯನ್ನು ತಟ್ಟೆಯ ಆಚೆಗೆ ಸರಿಸಿದ.

"ಸುಳ್ಳು ಬರೀಬ್ಯಾಡ. ನೀನು ಗೆದ್ದಿದ್ರೆ ಸಿಕ್ಕಿದ ಗಳಿಗೇಲೆ ಫೋನ್ ಮಾಡಿ ನನ್ನ ಉಗಿತಿದ್ದೆ. ಮೂರು ದಿನ ಒಂದೇ ಮಾತು ಬರೆದು ಫೋನೂ ಮಾಡಲಿಲ್ಲ ಅಂದಾಗ್ಲೇ ನಂಗೆ ಗೊತ್ತಾತು, ಐತೆ, ಹನುಮನಿಗೆ ಸಿಕ್ಕೈತೆ ಅಂತ."

ರತ್ನಮ್ಮ ಒಳಗೆ ಹೋದಳು. ನಾನು ಅತ್ತೆ. ಅವನು ಇನ್ನೊಂದು ಕಡಲೆಕಾಯಿ ಒಡೆದು ತಟ್ಟೆಗೆ ಹಾಕಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಹೋಗ್ಲಿ ಬಿಡು. ಹೆಂಗೈತೆ ಅದು?"

'ಚೆನ್ನಾಗಿದೆ' ಎಂದು ಬರೆದೆ.

"ಅಷ್ಟೇನಾ? ಇಷ್ಟು ವರ್ಷ ಇದರ ಬಗ್ಗೆ ನನ್ನ ತಲೆ ತಿಂದಿದೀಯ. ಕುಂತ್ಕಂಡು ಬರಿ. ನನಗೇನೂ ಕೆಲಸ ಇಲ್ಲ."

ಬರೆದೆ. ಮಧ್ಯಾಹ್ನದ ಊಟದ ಹೊತ್ತಿಗೆ ಆರು ಪುಟವಾಗಿತ್ತು. ಹಾಡು ಎಲ್ಲಿ ಮುಂದುವರಿಯುತ್ತದೆ, ಗದ್ದಲ ಹೇಗೆ ಸುರಿದು ಇಳಿಯುತ್ತದೆ, ಎರಡನೆಯ ದನಿ ಎಲ್ಲಿಂದ ಬರುತ್ತದೆ, ಆ ದಶಕದ ಬೇರೆ ಯಾವ ಆಲ್ಬಮ್ಮೂ ಇದರ ಹತ್ತಿರ ಯಾಕೆ ಸುಳಿಯುವುದಿಲ್ಲ, ನಾನು ಎಂಥ ಮೂರ್ಖ, ನನಗೆ ಆ ಅಂಗಡಿಯಲ್ಲಿ ಏನಾಯಿತು, ಎಲ್ಲ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಬರೆದದ್ದಿಲ್ಲ.

ತಿಪ್ಪೇಶಿ ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದ. ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋಗಿ, ಏನನ್ನೋ ಹುಡುಕುವವನಂತೆ ಸಾಲುಗಳ ಮೇಲೆ ಬೆರಳಾಡಿಸುತ್ತಾ ಇನ್ನೊಮ್ಮೆ ಓದಿದ. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಇಟ್ಟ.

"ಇದ್ರಾಗೆ ಎಲ್ಲಾ ನೀನೇ ಇದೀಯ," ಅಂದ. "ಹಾಡೆಲ್ಲೈತಲೇ?"